ಬುತ್ತಿಯ ಮುಂದೆ ಕೇಳಿದ ಹೆಸರು

ಶರಣಬಸಮ್ಮ ದುರಗಮ್ಮನನ್ನು ಮೊದಲು ನೋಡಿದ್ದು ಕುಷ್ಟಗಿಯ ಕ್ರಾಸಿನಲ್ಲಿ, ದಾಳಿಂಬೆ ತೋಟಕ್ಕೆ ಹೆಣ್ಣಾಳುಗಳನ್ನು ಒಯ್ಯುವ ಟಂಟಂ ಗಾಡಿಯ ಪಕ್ಕದಲ್ಲಿ. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಚಹಾದಂಗಡಿಯವನು ಒಲೆ ಹೊತ್ತಿಸುತ್ತಿದ್ದ. ದುರಗಮ್ಮ ಸೀರೆಯ ಮೇಲೆ ಗಂಡಸರ ಹಳೇ ಅಂಗಿ ತೊಟ್ಟು, ಬುತ್ತಿಗಂಟನ್ನು ಎದೆಗವಚಿಕೊಂಡು ನಿಂತಿದ್ದಳು. ಕೈತುಂಬ ಹಸಿರು ಬಳೆ. ಹಣೆ ಮಾತ್ರ ಬರಿದು. ಆಳು ಕೂಡಿಸುವ ಶರಣಬಸಮ್ಮನ ಕಣ್ಣು ಆ ಹಣೆಯ ಮೇಲೇ ನಿಂತಿತು.

“ಗಂಡ ಇಲ್ಲೇನಬೇ?”

“ಅದಾನ್ರೀ ಅಕ್ಕಾರ. ಗಿಣಿಗೇರಾ ಫ್ಯಾಕ್ಟರ್ಯಾಗ ದುಡೀತಾನ.”

“ಮತ್ತ ಹಣಿ ಯಾಕ ಹಂಗ ಬಿಟ್ಟಿ?”

“ನಾವು ಯೇಸುಸ್ವಾಮಿಗೆ ನಡ್ಕೋತೀವ್ರಿ.”

ಆಳು ಕಡಿಮೆ ಬಿದ್ದಿದ್ದರಿಂದ ಶರಣಬಸಮ್ಮ ಹತ್ತಿಸಿಕೊಂಡಳು. ಆದರೆ ಕಣ್ಣಿಟ್ಟಿದ್ದಳು.

ಕೆಲಸದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಅನುಮಾನ ಹುಟ್ಟಿದ್ದು ಊಟದ ಹೊತ್ತಿಗೆ. ಬೇವಿನ ನೆರಳಲ್ಲಿ ಎಲ್ಲರೂ ಬುತ್ತಿ ಬಿಚ್ಚಿ ಪಲ್ಯ ಹಂಚಿಕೊಳ್ಳುತ್ತಿದ್ದರೆ ದುರಗಮ್ಮ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು. ಅನ್ನದ ಮುಂದೆ ಪಿಟಿಪಿಟಿ ಅನ್ನುವವರನ್ನು ಶರಣಬಸಮ್ಮ ಎಂದೂ ನಂಬಿದವಳಲ್ಲ.

“ಮಂತ್ರ ಹಾಕಾಕತ್ತಾಳ,” ಎಂದಳು ಪಕ್ಕದ ಕರಿಯವ್ವ. “ನನ್ನ ರೊಟ್ಟಿಗೂ ಹಾಕಬೇ ದುರಗವ್ವಾ, ಮೆತ್ತಗರ ಆಗ್ಲಿ!”

ಒಂದು ಮಧ್ಯಾಹ್ನ ಶರಣಬಸಮ್ಮ ಬೇಕೆಂದೇ ದುರಗಮ್ಮನ ಮಗ್ಗುಲಲ್ಲಿ ಕುಳಿತಳು. ಆ ಪಿಟಿಪಿಟಿಯ ನಡುವೆ “ದ್ರಾಕ್ಷಾಯಿಣಿ” ಎಂಬ ಹೆಸರು ಕಿವಿಗೆ ಬಿತ್ತು. ಹೆರಿಗೆಗೆಂದು ತವರಿಗೆ ಬಂದಿರುವ ತನ್ನ ಮಗಳ ಹೆಸರು! ಹೋದ ವರ್ಷದ ಬಸಿರು ನಿಂತಿರಲಿಲ್ಲ. ಶರಣಬಸಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು.

“ನನ್ನ ಮಗಳ ಹೆಸರು ಯಾಕ ತಗೊಂಡಿ?”

“ನಿನ್ನಿ ಗುರೆಳ್ಳು ಚಟ್ನಿ ಆಕೀನ ಕುಟ್ಟಿದ್ದು ಅಂತ ಕೊಟ್ರೆಲ್ರೀ. ಅದಕ್ಕ ದೇವರಿಗೆ ವಂದನೆ ಹೇಳಿದೆ.”

“ಚಟ್ನಿಗೆ ಯಾರರ ವಂದನೆ ಹೇಳ್ತಾರೇನು? ದೇವರನ್ನ ಬೇಡಾಕತ್ತಿದ್ದೆ ಅನ್ನು, ನಂಬ್ತೀನಿ.”

“ಬೇಡೋದೂ ಐತ್ರಿ. ಬಂದದ್ದನ್ನ ಮೊದಲು ಹೇಳ್ತೀನಿ, ಇಲ್ಲಾಂದ್ರ ಮರತಬಿಡ್ತೀನಿ.”

“ಆಕಿ ಹಡಿಯೋತನಕ ಆ ಹೆಸರು ನಿನ್ನ ಬಾಯಾಗ ಬರಬಾರದು. ಬಂತಂದ್ರ ನಾಳಿಂದ ಗಾಡಿ ಹತ್ತಬ್ಯಾಡ.”

ದುರಗಮ್ಮ ರೊಟ್ಟಿಯನ್ನು ಬುತ್ತಿಯ ಅರಿವೆಯ ಮೇಲಿಟ್ಟಳು. “ಕೆಲಸ ಬೇಕ್ರೀ ಅಕ್ಕಾರ. ಆದ್ರ ಉಂಡ ಮ್ಯಾಲ ಮಾಡಿಕೊಟ್ಟಾಕಿ ಹೆಸರು ದೇವರ ಮುಂದ ಮುಚ್ಚಿಡಾಕ ನನಗ ಬರಂಗಿಲ್ಲ.”

ಈ ಹಟ ಶರಣಬಸಮ್ಮನ ಅನುಮಾನವನ್ನು ಇನ್ನಷ್ಟು ಕೆದಕಿತು. ಕೂಲಿ ಹೋದರೂ ಸರಿ, ಹೆಸರು ಬಿಡುವುದಿಲ್ಲವೆಂದರೆ ಏನರ್ಥ? ಮರುಕ್ಷಣ ಇನ್ನೊಂದು ಹೊಳೆಯಿತು. ಕೆಟ್ಟದ್ದು ಮಾಡುವವಳಾಗಿದ್ದರೆ ಹ್ಞೂಂ ಅಂದು, ಮನೆಗೆ ಹೋಗಿ ಗೊಣಗಿಕೊಳ್ಳಬಹುದಿತ್ತಲ್ಲ? ಯಾರಿಗೆ ತಿಳಿಯುತ್ತಿತ್ತು?

“ಹಂಗಾರ ಗಟ್ಟಿಯಾಗಿ ಹೇಳು. ಎಲ್ಲಾರಿಗೂ ಕೇಳಂಗ.”

ದುರಗಮ್ಮ ಕಣ್ಣು ಮುಚ್ಚಿದಳು. “ತಂದೀ, ಬೆಳಿಗ್ಗೆ ಏಳಿಸಿದಿ, ನಿನಗ ಸ್ತೋತ್ರ. ಗಾಡಿ ನನಗಾಗಿ ನಿಂತಿತ್ತು, ಸ್ತೋತ್ರ. ದಾಳಿಂಬ್ರಿ ಮುಳ್ಳು ಕಣ್ಣಿಗೆ ಬಡೀಲಿಲ್ಲ, ರೆಪ್ಪಿಗೆ ಬಡೀತು, ಸ್ತೋತ್ರ. ದ್ರಾಕ್ಷಾಯಿಣಿ ಕೈಯಾನ ಚಟ್ನಿಗೆ ಸ್ತೋತ್ರ. ಶರಣಬಸಕ್ಕ ಬೈದ್ರೂ ಕೆಲಸ ಬಿಡಿಸಿಲ್ಲ, ಸ್ತೋತ್ರ.”

“ಇನ್ನೂ ಬಿಡಿಸಿಲ್ಲ ಅನ್ನಬೇ!” ಎಂದಳು ಕರಿಯವ್ವ. ಎಲ್ಲರೂ ನಕ್ಕರು. ಶರಣಬಸಮ್ಮ ನಗಲಿಲ್ಲ.

“ನಾಳಿನೂ ಹಿಂಗ ಗಟ್ಟಿಯಾಗಿ ಹೇಳಬೇಕು,” ಎಂದಷ್ಟೇ ಅಂದು ತುತ್ತು ಬಾಯಿಗಿಟ್ಟಳು.

ದ್ರಾಕ್ಷಾಯಿಣಿಗೆ ದಿನ ತುಂಬುತ್ತಿವೆ. ಶರಣಬಸಮ್ಮನ ಅನುಮಾನ ಪೂರ್ತಿ ಹೋಗಿಲ್ಲ. ಮಗಳು ಮಾಡಿದ್ದನ್ನು ಹಂಚುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾಳೆ. ದುರಗಮ್ಮ ಅದೇ ಗಾಡಿಯಲ್ಲಿ ಬಂದು ಅದೇ ತೋಟದಲ್ಲಿ ಕಳೆ ತೆಗೆಯುತ್ತಾಳೆ. ಮಧ್ಯಾಹ್ನ ಎಲ್ಲರಿಗೂ ಕೇಳುವಂತೆ ದೇವರಿಗೆ ವಂದನೆ ಹೇಳಿ ಊಟ ಮಾಡುತ್ತಾಳೆ.