ಮೊಬೈಲ್ ಬಿಡುವ ಮರ

ಮಲೆನಾಡಿನ ವಜ್ರಳ್ಳಿಗೆ ಲೈನ್‌ಮನ್ ಆಗಿ ಬಂದ ವಾರದಲ್ಲೇ ನಾನು ಇಡೀ ಕೇರಿಯ ಮೊಬೈಲುಗಳನ್ನು ಮರದಿಂದ ಕಿತ್ತು ಮನೆಗೆ ಹೊತ್ತು ತಂದೆ.

ನಮ್ಮ ಗದಗಿನ ಕಡೆಯವರಿಗೆ ಇದು ಹುಚ್ಚು ಅನ್ನಿಸಬಹುದು. ನಮ್ಮಲ್ಲಿ ಹೊಲದ ಬದುವಿನಲ್ಲಿ ನಿಂತರೂ ಸಿಗ್ನಲ್ ಸಿಗುತ್ತದೆ. ಇಲ್ಲಿ ಟವರ್ ಬರುವ ಮೊದಲು ಅದು ಸಿಗುತ್ತಿದ್ದದ್ದು ದಿಬ್ಬದ ಮೇಲಿನ ಒಂದೇ ಮತ್ತಿಮರದ ಕೆಳಗೆ. ಹಾಗಾಗಿ ಎಲ್ಲರೂ ತಮ್ಮ ಕೀಪ್ಯಾಡ್ ಮೊಬೈಲನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ, ಅಂದರೆ ಚೀಲದಲ್ಲಿ, ಕಟ್ಟಿ ಕೊಂಬೆಗೆ ತೂಗುಹಾಕಿ ಕೆಲಸಕ್ಕೆ ಹೋಗುತ್ತಿದ್ದರು. ರಿಂಗಾದರೆ ದಾರಿಹೋಕರು ಯಾರಾದರೂ ಎತ್ತಿ ಸುದ್ದಿ ಮುಟ್ಟಿಸುವುದು ಪದ್ಧತಿ.

ನನಗದು ಗೊತ್ತಿರಲಿಲ್ಲ. ಹರಕೆಯಿರಬೇಕೆಂದು ಮೊದಲು ಕೈಮುಗಿದೆ. ಗುಡುಗು ಕೇಳಿದ್ದೇ ಲೈನ್‌ಮನ್ ಬುದ್ಧಿ ಎದ್ದಿತು. ಮಳೆ ನಿಂತಮೇಲೆ ಹಂಚಿದರಾಯಿತು ಎಂದು ಎಲ್ಲವನ್ನೂ ತಂದೆ. ಸಿಡಿಲು ಹುಡುಕಿಕೊಂಡು ಬರಬಾರದೆಂದು ಬ್ಯಾಟರಿಗಳನ್ನೂ ಬಿಚ್ಚಿ ಸಂಡಿಗೆಯಂತೆ ಚಾಪೆಯ ಮೇಲೆ ಹರವಿದೆ.

ಸಂಜೆ ನನಗೆ ಕೋಣೆ ಬಾಡಿಗೆ ಕೊಟ್ಟಿದ್ದ ಸುಬ್ರಾಯಣ್ಣ ಏದುಸಿರು ಬಿಡುತ್ತ ಬಂದರು.

"ಮರದಲ್ಲಿ ಒಂದೂ ಮೊಬೈಲ್ ಇಲ್ಲೆ ಮಾರಾಯ್ರೆ. ಮಗಳನ್ನ ಹೆರಿಗೆಗೆ ಶಿರಸಿ ಆಸ್ಪತ್ರೆಗೆ ಸೇರಿಸಿದ್ದು. ಆಪರೇಷನ್ ಆದಕೂಡ್ಲೆ ಫೋನ್ ಮಾಡ್ತೆ ಹೇಳಿದ್ದ ಅಳಿಯ." ಅಷ್ಟರಲ್ಲಿ ಚಾಪೆ ಕಂಡಿತು. "ಎಂತ ಇದು?"

"ಸಿಡಿಲಿಗೆ ಸುಟ್ಟ ಹೋಗ್ತಾವಂತ ತಂದೇನ್ರಿ."

ಎಲ್ಲವನ್ನೂ ಲುಂಗಿಯಲ್ಲಿ ಕಟ್ಟಿಕೊಂಡು ದಿಬ್ಬಕ್ಕೆ ಓಡಿದೆ. ನಮ್ಮ ಬಯಲಿನಲ್ಲಿ ಆಪತ್ತು ಹರದಾರಿ ದೂರದಿಂದಲೇ ಕಾಣುತ್ತದೆ. ಇಲ್ಲಿ ಎಲೆ ಅಲುಗಿದರೂ ಕಾಡುಕೋಣ. ಮರದಡಿ ಕೂತು ನೋಡಿದರೆ ಯಾವ ಬ್ಯಾಟರಿ ಯಾವುದರದೋ. ಒಂದರದು ಇನ್ನೊಂದಕ್ಕೆ ಕೂರದು. ಹಿಂದೆ ಬಂದ ಸುಬ್ರಾಯಣ್ಣ ಟಾರ್ಚ್ ಹಿಡಿದರು.

ಕೊನೆಗೆ ಅವರದು ಜೀವ ಪಡೆಯಿತು. ತುಸು ಹೊತ್ತಿಗೆ ರಿಂಗಾಯಿತು. ಅವರು ಕೈಚಾಚಲಿಲ್ಲ.

"ನೀವೇ ಎತ್ತಿ. ನಂಗೆ ಧೈರ್ಯ ಇಲ್ಲೆ."

ಎತ್ತಿದೆ. ಅಳಿಯನ ದನಿ: "ಆಗಿಂದ ಮಾಡ್ತಾ ಇದ್ದೆ, ಯಾರೂ ಎತ್ತದೇ ಇಲ್ಲೆ. ಹೆಣ್ಣುಮಗು. ಇಬ್ರೂ ಅಡ್ಡಿಲ್ಲೆ."

ನಾನು ಫೋನಿಗೇ ತಲೆಯಾಡಿಸಿದೆ.

"ಎಂತ ಅಂದ?" ಸುಬ್ರಾಯಣ್ಣ ನನ್ನ ಮುಖಕ್ಕೆ ಟಾರ್ಚ್ ಹಿಡಿದರು.

"ಹೆಣ್ಣ ಹುಟ್ಟೇತ್ರಿ. ಇಬ್ರೂ ಆರಾಮ್ ಅದಾರ."

ಅವರು ಬೇರಿನ ಮೇಲೆ ಕೂತರು. ಆಮೇಲೆ ಅಂದರು: "ನಾಳೆ ನಿಮ್ಮ ಮೊಬೈಲೂ ಇಲ್ಲೇ ಕಟ್ಟಿ. ಆವಾಗ ಬುದ್ಧಿ ಬರ್ತು."

ಕಟ್ಟಿದೆ. ಗದಗಿನಿಂದ ಅವ್ವ ಮಾಡುವ ಫೋನನ್ನು ಊರೇ ಎತ್ತತೊಡಗಿತು. ನಾನು ಉಂಡೆನೋ ಇಲ್ಲವೋ ಎಂಬುದು ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

ಮುಂದೆ ಹಬ್ಬಕ್ಕೆ ಗದಗಿಗೆ ಹೋದಾಗ ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಿದ್ದರೂ, ಯಾರಾದರೂ ಎತ್ತುತ್ತಾರೆಂದು ನಾನು ರೊಟ್ಟಿ ಮುರಿಯುತ್ತ ಕೂತಿದ್ದೆ.

ಅವ್ವ ಅಂದಳು: "ಎತ್ತೋ ಖೋಡಿ. ಇಲ್ಲಿ ನಿನ್ನ ಫೋನ ನೀನ ಎತ್ತಬೇಕು."