ಯಶೋದ ಕಳೆದ ಮೂಟೆ

ಕಾಮಗೆರೆಯ ಯಶೋದಳಿಗೆ ಒಂದು ಕಡೆ ಕುಂತು ಗೊತ್ತಿಲ್ಲ. ಕುರ್ಚಿಯಲ್ಲಿದ್ದರೆ ಕಾಲು ಅಲ್ಲಾಡುತ್ತಿರುತ್ತದೆ, ನಿಂತರೆ ಕೈ ಏನನ್ನಾದರೂ ಜೋಡಿಸುತ್ತಿರುತ್ತದೆ. ಬಿ.ಕಾಂ. ಮುಗಿಸಿ ಕೊಳ್ಳೇಗಾಲದ ಸೀರೆ ಅಂಗಡಿಯಲ್ಲಿ ಬಿಲ್ಲು ಹಾಕಿದಳು, ಯಳಂದೂರಿನ ಜೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡಿದಳು, ಹನೂರಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಟ್ಟಳು. ಎಲ್ಲೂ ಎರಡು ವರ್ಷ ದಾಟಲಿಲ್ಲ. "ಕಾಲ್ಗ ಚಕ್ರ ಕಟ್ಕಂಡೇ ಹುಟ್ಟವಳೆ" ಅಂತ ಅತ್ತೆ ಕೆಂಪಾಜಮ್ಮ ಬೈಯುತ್ತಲೇ ಇರುತ್ತಾರೆ.

ಕೊನೆಗೆ ಅವಳು ನೆಲೆ ನಿಂತದ್ದು ಹನೂರು ರಸ್ತೆಯ ಅರಿಶಿನದ ಮಿಲ್ಲಿನಲ್ಲಿ. ಹೋದ ವರ್ಷ ಮೈಸೂರಿನಾಚೆಯ ದೊಡ್ಡ ಕಂಪನಿಯೊಂದು ಇಲ್ಲಿಂದ ಅರಿಶಿನ ಕೊಳ್ಳಲು ಒಪ್ಪಿತು. ಅದಕ್ಕೊಂದು ಷರತ್ತು. ಲಾರಿ ಗೇಟು ಮುಟ್ಟುವ ಮುಂಚೆ ಮಿಲ್ಲಿನ ಕಂಪ್ಯೂಟರಿನಿಂದ ಅವರ ಕಂಪ್ಯೂಟರಿಗೆ ಒಂದು ಫೈಲು ಹೋಗಿರಬೇಕು. ಯಾವ ಮೂಟೆ, ಎಷ್ಟು ತೂಕ, ಎಲ್ಲ ಅದರಲ್ಲಿರಬೇಕು. ಮನುಷ್ಯರು ಓದುವ ಕಾಗದವಲ್ಲ ಅದು. ಚುಕ್ಕಿ, ನಕ್ಷತ್ರ, ಅಂಕಿಗಳ ಸಾಲು. ಒಂದು ನಕ್ಷತ್ರ ಹೆಚ್ಚುಕಮ್ಮಿಯಾದರೂ ಆ ಕಡೆಯ ಯಂತ್ರ ಮುಖ ತಿರುಗಿಸುತ್ತದೆ. ಡೇಟಾಬೇಸಿನಲ್ಲಿ ಲಾರಿಗೊಂದು ಟೇಬಲ್ಲು, ಮೂಟೆಗೊಂದು ಟೇಬಲ್ಲು. ಎರಡನ್ನೂ ಹೊಂದಿಸಿ ಆ ಫೈಲು ತೆಗೆಯುವುದನ್ನು ಯಶೋದ ಮೂರು ತಿಂಗಳು ಒದ್ದಾಡಿ ತಾನೇ ಕಲಿತಳು. ಯಾರೂ ಹೇಳಿಕೊಟ್ಟದ್ದಲ್ಲ. ಅದರ ಹೆಮ್ಮೆ ಅವಳಿಗೆ ಸ್ವಲ್ಪ ಜಾಸ್ತಿಯೇ ಇತ್ತು, ಇರಲಿ ಬಿಡಿ.

ಮೊದಲ ಲೋಡು ಹೊರಟದ್ದು ಒಂದು ಬುಧವಾರ ಬೆಳಿಗ್ಗೆ. ಬಾಗಿಲಲ್ಲಿ ಮೂಟೆ ಎಣಿಸಿದವರು ಧನಗೆರೆಯ ಪುಟ್ಟಮಲ್ಲಪ್ಪನವರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್ಲು, ನಲವತ್ತು ವರ್ಷದಿಂದ ಇದೇ ಕೆಲಸ. ಈ ಸಲ ಅವರ ಕೈಗೆ ಒಂದು ಫೋನು ಕೊಟ್ಟಿದ್ದರು. ಪ್ರತಿ ಮೂಟೆಯ ಸ್ಟಿಕರಿಗೆ ಅದನ್ನು ಹಿಡಿಯಬೇಕು, ಆಮೇಲೆ ಎಣಿಕೆಯ ನಂಬರು ಒತ್ತಬೇಕು.

ಹನ್ನೊಂದೂವರೆಗೆ ಆ ಕಡೆಯಿಂದ ಫೋನು ಬಂತು. ಫೈಲಿನಲ್ಲಿ ಇನ್ನೂರ ಹತ್ತೊಂಬತ್ತು ಮೂಟೆ ಇದೆ, ಲಾರಿಯಲ್ಲಿ ಇನ್ನೂರಿಪ್ಪತ್ತು. ನಾಲ್ಕು ಗಂಟೆಯೊಳಗೆ ಸರಿಯಾದ ಫೈಲು ಬರದಿದ್ದರೆ ಲಾರಿ ವಾಪಸ್ಸು.

ಮಿಲ್ಲಿನ ಯಜಮಾನ ಉದಯಕುಮಾರ್ ಕೆಂಡವಾದ. ನೆಟ್ಟಗೆ ಶೆಡ್ಡಿಗೆ ಬಂದ. ಅರಿಶಿನ ಆರಿಸುತ್ತಿದ್ದ ಇಪ್ಪತ್ತು ಹೆಂಗಸರ ಕೈ ನಿಂತವು.

"ಏನ್ರೀ ಪುಟ್ಟಮಲ್ಲಪ್ಪ, ಒಂದು ಮೂಟೆ ಜಾಸ್ತಿ ಹತ್ತಿಸಿದ್ದು ಯಾಕೆ? ದಾರೀಲಿ ಇಳಿಸ್ಕೊಳೋಕೆ ಡ್ರೈವರಿಗೂ ನಿಮಗೂ ಮಾತಾಗಿತ್ತಾ?"

"ಶಿವ ಶಿವಾ! ಇನ್ನೂರಿಪ್ಪತ್ತೇ ಏರ್ಸಿದ್ದು ಸಾ. ಏರ್ಸು ಅಂದದ್ದೂ ಅಷ್ಟೇಯ."

"ಕಂಪ್ಯೂಟರ್ ಇನ್ನೂರ ಹತ್ತೊಂಬತ್ತು ಅಂತಿದೆಯಲ್ರೀ! ಯಶೋದಾ, ಅಲ್ವಾ?"

ಯಶೋದ ಬಾಗಿಲಲ್ಲೇ ನಿಂತಿದ್ದಳು. ಫೈಲಿನಲ್ಲಿ ಇದ್ದದ್ದು ಹಾಗೇ. ಅವಳು ಹೌದೆಂದು ತಲೆ ಆಡಿಸಿದಳು.

ಮುದುಕರು ಅವಳನ್ನೊಮ್ಮೆ, ಯಜಮಾನನನ್ನೊಮ್ಮೆ ನೋಡಿದರು. "ಅಂಗಾರೆ ನನ್ನ ಎಣ್ಕೇನೇ ತಪ್ಪಿರಬೋದು ಸಾ. ಕದಿಯಾಕಂತ ಅಲ್ಲ" ಅಂದು, ಫೋನನ್ನು ಮೂಟೆಯ ಮೇಲಿಟ್ಟು, ಟವೆಲ್ಲು ಕೊಡವಿಕೊಂಡು ಹೊರಟುಹೋದರು.

ಯಶೋದ ಮೇಜಿಗೆ ಬಂದು ಕೂತಳು, ಎದ್ದಳು, ಮತ್ತೆ ಕೂತಳು. ಬುತ್ತಿ ಬಿಚ್ಚಿ ಹಾಗೇ ಮುಚ್ಚಿದಳು. ಆ ಮನುಷ್ಯ ನಲವತ್ತು ವರ್ಷದಲ್ಲಿ ಒಂದು ಕೊಂಬು ಅರಿಶಿನ ಮನೆಗೆ ಒಯ್ದವರಲ್ಲ. ಫೈಲನ್ನು ಬಿಟ್ಟು ಮೂಟೆಯ ಟೇಬಲ್ಲನ್ನೇ ನೇರವಾಗಿ ತೆಗೆದು ಎಣಿಸಿದಳು. ಇನ್ನೂರಿಪ್ಪತ್ತು! ಎರಡು ಸಲ ಎಣಿಸಿದರೂ ಅಷ್ಟೇ. ಒಂದು ಸಾಲಿನಲ್ಲಿ ಸ್ಟಿಕರಿತ್ತು, ತೂಕವಿತ್ತು, ನಂಬರಿನ ಜಾಗ ಮಾತ್ರ ಖಾಲಿ. ಅದು ಮೊಟ್ಟಮೊದಲ ಮೂಟೆ.

ಅವಳು ಹಣೆ ಚಚ್ಚಿಕೊಂಡಳು. ಈ ಕಡೆಯ ಹಳಬರು ಎಣಿಸುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಲಾಭ, ಎರಡು, ಮೂರು. ಪುಟ್ಟಮಲ್ಲಪ್ಪನವರು ಬಾಯಲ್ಲಿ ಅಂದದ್ದನ್ನೇ ಫೋನಿನಲ್ಲೂ ಒತ್ತಿದ್ದರು. ಆ ಜಾಗ ಅಂಕಿ ಬಿಟ್ಟು ಬೇರೇನನ್ನೂ ತೆಗೆದುಕೊಳ್ಳದು. ಅಕ್ಷರವನ್ನು ನುಂಗಿ ಖಾಲಿ ಬಿಟ್ಟಿತ್ತು. ಅಷ್ಟೇ ಆಗಿದ್ದರೆ ಕೇಡಿರಲಿಲ್ಲ. ನಂಬರಿಲ್ಲದ ಸಾಲುಗಳನ್ನು ಕಸವೆಂದು ಬಿಟ್ಟುಬಿಡು ಅಂತ ಫೈಲು ತೆಗೆಯುವ ಆಜ್ಞೆಯಲ್ಲಿ ಬರೆದಿದ್ದವಳು ಯಶೋದಳೇ. ಪರೀಕ್ಷೆಗೆ ಹಾಕಿದ್ದ ಪುಡಿ ಸಾಲುಗಳು ಕಾಟ ಕೊಡುತ್ತವೆ ಅಂತ, ಅವಸರದಲ್ಲಿ.

ಎರಡೂವರೆಗೆ ಸರಿಯಾದ ಫೈಲು ಹೋಯಿತು. ಮೂರಕ್ಕೆ ಲಾರಿ ಒಳಗೆ ಹೋಯಿತು. ನಡೆದದ್ದನ್ನೆಲ್ಲ ಕೇಳಿದ ಉದಯಕುಮಾರನಿಗೆ ಜೀವ ಬಂತು.

"ಬಿಡು, ಆಯ್ತಲ್ಲ. ನಮ್ಮ ಕಂಪ್ಯೂಟರ್ ಸರಿಯಿಲ್ಲ ಅಂತ ಅವರಿಗೆ ಗೊತ್ತಾಗೋದು ಬೇಡ. ಎಣಿಸೋನು ತಪ್ಪು ಮಾಡಿದ ಅಂತ ಒಂದು ಸಾಲು ಬರೆದು ಕಳಿಸು."

ಯಶೋದ ಬರೆಯಲಿಲ್ಲ. ಸ್ಕೂಟರ್ ಹತ್ತಿ ಧನಗೆರೆಗೆ ಹೊರಟಳು.

ಪುಟ್ಟಮಲ್ಲಪ್ಪನವರ ಹೆಂಡತಿ ಶಿವರತ್ನಮ್ಮ ಬಾಗಿಲಲ್ಲೇ ಸಿಕ್ಕರು. "ಬಂದಾಗಿಂದ ಒಂದು ತುತ್ತು ತಿಂದಿಲ್ಲ ಕಣವ್ವ. ಬೆರಳು ಮಡಚ್ಕಂಡು ಎಣಿಸ್ತಾನೇ ಅವರೆ."

ಯಶೋದ ಜಗುಲಿಯಲ್ಲಿ ಕೂತು, ತೊದಲುತ್ತ, ಎಲ್ಲವನ್ನೂ ಹೇಳಿದಳು. ಮುದುಕರು ಕೊನೆಯವರೆಗೂ ಕೇಳಿದರು.

"ಅಂದ್ರೆ ನನ್ನ ಎಣ್ಕೆ ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು ಮಲ್ಲಪ್ಪಣ್ಣ. ನಾನೇ ಆ ಮೂಟೆ ಕಿತ್ತಾಕ್ಬುಟ್ಟಿದ್ದೆ."

"ಕಂಪ್ಯೂಟ್ರು ಸುಳ್ಳಾಡ್ತದಾ ಅಂತ ನಾನೇ ಒಪ್ಕಂಡ್ಬುಟ್ನಲ್ಲವ್ವ!" ಅವರ ದನಿ ಒಡೆಯಿತು. "ಕಳ್ಳ ಅಂದದ್ದು ಇಪ್ಪತ್ತು ಜನದ ಮುಂದ. ನೀನು ನಮ್ಮನೆ ಜಗುಲೀಲಿ ಕುಂತ್ಕಂಡು ಮೆಲ್ಗ ಯೋಳ್ತಿದ್ದಯ್. ಅಲ್ಲೋಗಿ ಯೋಳು, ಓಗು."

ಯಶೋದ ಸ್ಕೂಟರ್ ತಿರುಗಿಸಿದಳು. ಹೆಂಗಸರು ಐದೂವರೆಗೆ ಮನೆಗೆ ಹೊರಡುತ್ತಾರೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ, ಕುರಿಮಂದೆ ಅಡ್ಡ. ಹಾರ್ನು ಒತ್ತಿ ಒತ್ತಿ ಹೆಬ್ಬೆರಳು ನೊಂದಿತು. ಅವಳು ಶೆಡ್ಡಿಗೆ ನುಗ್ಗಿದಾಗ ಹೆಂಗಸರು ಸೆರಗಿನ ಹಳದಿ ಪುಡಿ ಕೊಡವಿಕೊಳ್ಳುತ್ತಿದ್ದರು. ಉದಯಕುಮಾರ್ ಅಲ್ಲೇ ಇದ್ದ.

"ಎಲ್ರೂ ಒಸಿ ನಿಂತ್ಕಳಿ! ಮಲ್ಲಪ್ಪಣ್ಣ ಎಣಿಸಿದ್ದು ಸರಿಯಾಗಿತ್ತು. ಫೈಲಿನಿಂದ ಮೂಟೆ ಬಿಟ್ಟೋಳು ನಾನು. ತಪ್ಪು ನಂದು."

ಹೆಂಗಸರಲ್ಲಿ ಹಿರಿಯಳಾದ ಚಿಕ್ಕನಿಂಗಮ್ಮ ಕೇಳಿದಳು: "ಮತ್ತ ಬೆಳಿಗ್ಗ ಯಾಕವ್ವ ತಲೆ ಆಡಿಸ್ದೆ?"

"ನಂದು ತಪ್ಪಾಗಲ್ಲ ಅಂದ್ಕಂಡಿದ್ದೆ ಕಣಕ್ಕ" ಅಂದ ಯಶೋದಳ ಕಣ್ಣು ತುಂಬಿತು.

ಉದಯಕುಮಾರ್ ಗಡಿಯಾರ ನೋಡಿಕೊಂಡ. "ಸರಿ ಸರಿ, ಹೊತ್ತಾಯ್ತು, ಹೊರಡಿ. ನಾಳೆ ನಾನೇ ಪುಟ್ಟಮಲ್ಲಪ್ಪನ ಹತ್ರ ಮಾತಾಡ್ತೀನಿ."

"ನಾಳ ಯಾಕ ಸಾ?" ಅಂದಳು ಚಿಕ್ಕನಿಂಗಮ್ಮ. "ಕಳ್ಳ ಅನ್ನಾಕ ನಾಳೆಗಂತ ಕಾದಿದ್ರಾ?"

ಉದಯಕುಮಾರ್ ಆಫೀಸಿಗೆ ಹೋಗಿ ಧನಗೆರೆಗೆ ಹೊರಡಲು ಕಾರಿನ ಬೀಗದ ಕೈ ತಂದ.