ಹುಣಸೆಹಣ್ಣು ತಿಂದ ಊರು

ಆ ನಾಣ್ಯದ ಸುದ್ದಿ ಎತ್ತಿದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಪರ್ತ್ ಪಕ್ಕದ ಫ್ರೀಮ್ಯಾಂಟಲ್‌ನಲ್ಲಿ ಮುದುಕನೊಬ್ಬನ ಹಳೇ ನಾಣ್ಯಗಳ ಅಂಗಡಿಯಲ್ಲಿ ಸಿಕ್ಕಿದ್ದು. ಕಂಚಿನದು, ರೋಮನ್ನರ ಕಾಲದ್ದು, ಆದರೆ ರೋಮಿನದಲ್ಲ. ಅವರ ಆಳ್ವಿಕೆಯಲ್ಲಿದ್ದ ಯಾವುದೋ ಸಣ್ಣ ಊರು ತನ್ನ ಪೇಟೆಗೆಂದು ತಾನೇ ಟಂಕಿಸಿಕೊಂಡದ್ದು. ಒಂದು ಬದಿಗೆ ಚಕ್ರವರ್ತಿಯ ಮುಖ, ಇನ್ನೊಂದು ಬದಿಗೆ ಗುಡಿಯೊಳಗೆ ನಿಂತ ದೇವತೆ, ಸುತ್ತ ಗ್ರೀಕ್ ಅಕ್ಷರಗಳಲ್ಲಿ ಊರಿನ ಹೆಸರು. ಎರಡು ವರ್ಷ ಭಾನುವಾರವೆಲ್ಲ ಭೂತಗನ್ನಡಿ ಹಿಡಿದು ಕೂತು ನಾಲ್ಕು ಅಕ್ಷರ ಓದಿದ್ದೆ. ಉಳಿದವು ಹಸಿರು ಪದರದಲ್ಲಿ ಮಸುಕಾಗಿದ್ದವು. ಅಕ್ಷರಗಳನ್ನು ಹಿಡಿದಿಟ್ಟಿರುವುದೇ ಆ ಪದರ, ಅದನ್ನು ಮುಟ್ಟಬೇಡ ಎಂದು ಮುದುಕ ಎಚ್ಚರಿಸಿದ್ದ. ಅವನ ಭಾಷೆಯಲ್ಲಿ ಅದು ಪ್ಯಾಟಿನಾ. ನಮ್ಮಕ್ಕನ ಭಾಷೆಯಲ್ಲಿ ಕಿಲುಬು.

ಅಕ್ಕ ಪ್ರತಿ ನವರಾತ್ರಿಗೂ ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಿಂದ ಪರ್ತ್‌ನ ಥಾರ್ನ್ಲಿಗೆ, ನಮ್ಮ ಮನೆಗೆ ಬರುತ್ತಿದ್ದಳು. ಈ ದೇಶದಲ್ಲಿ ನನಗೆ ಒಡಹುಟ್ಟಿದವಳೆಂದು ಇದ್ದದ್ದು ಅವಳೊಬ್ಬಳೇ. ಬಂದವಳೇ ದೇವರ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು, ಉಪ್ಪಿನಲ್ಲಿ ನೆನೆಹಾಕಿ, ತಿಕ್ಕಿ ಫಳಫಳ ಮಾಡುವುದು ಅವಳ ಹಕ್ಕು. ಬೇರೆ ಯಾರೂ ಕೈ ಹಾಕುವ ಹಾಗಿಲ್ಲ. ಹದಿನಾಲ್ಕನೇ ಇಸವಿಯ ಹಬ್ಬದಲ್ಲಿ ನಾನು ಆಫೀಸಿನಿಂದ ಬರುವಷ್ಟರಲ್ಲಿ ನನ್ನ ನಾಣ್ಯವೂ ದೀಪಗಳ ಪಕ್ಕ ತಟ್ಟೆಯಲ್ಲಿ ಹೊಳೆಯುತ್ತಿತ್ತು, ಕೋಟಿನ ಹೊಸ ಗುಂಡಿಯ ಹಾಗೆ. ದೇವತೆಗೆ ಮುಖವಿಲ್ಲ. ಊರಿಗೆ ಹೆಸರಿಲ್ಲ. ನಾನು ಓದಿದ್ದ ನಾಲ್ಕು ಅಕ್ಷರವೂ ಇಲ್ಲ.

"ಏನ್ ಮಾಡ್ಬಿಟ್ಟೆ ಅಕ್ಕ ಇದನ್ನ!"

"ಅಮ್ಮನವ್ರು ಕಣೋ, ಕಿಲುಬು ಹಿಡ್ಕೊಂಡು ಟೇಬಲ್ ಮೇಲೆ ಬಿದ್ದಿದ್ರು. ಹಬ್ಬದಲ್ಲಿ ಹಾಗೇ ಬಿಡೋಕಾಗತ್ತಾ?"

"ಯಾರು ಹೇಳಿದ್ರು ನಿಂಗೆ ಮುಟ್ಟು ಅಂತ? ಕೈ ಸುಮ್ನಿರಲ್ವಾ? ತಲೇಲೇನು ಸಗಣಿ ತುಂಬಿದ್ಯಾ?"

ಅಡುಗೆಮನೆಯಲ್ಲಿ ಹೆಂಡತಿಯ ಸೌಟಿನ ಸದ್ದು ನಿಂತಿತು. ಅಕ್ಕನ ಕೈಗೆ ಇನ್ನೂ ಹುಣಸೆಯ ಸಿಪ್ಪೆ ಮೆತ್ತಿಕೊಂಡಿತ್ತು.

"ಒಂದು ಬಿಲ್ಲೆಗೆ ಹಿಂಗ್ ಕಿರುಚ್ತೀಯಲ್ಲೋ. ನಾನ್ ಹೆಚ್ಚೋ, ಅದು ಹೆಚ್ಚೋ?"

"ಅದೇ," ಎಂದೆ.

ಯೋಚನೆ ಕೂಡ ಮಾಡಲಿಲ್ಲ. ಮರುದಿನವೇ ಅವಳು ಟಿಕೆಟ್ ಬದಲಿಸಿಕೊಂಡು ಹೊರಟಳು. ನಾನು ಏರ್‌ಪೋರ್ಟಿಗೂ ಹೋಗಲಿಲ್ಲ. ಪೀಡೆ ತೊಲಗಿತು ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಮುಂದಿನ ನವರಾತ್ರಿಗೆ ಅಕ್ಕ ಬರಲಿಲ್ಲ. ಹೆಂಡತಿ ಹುಣಸೆಹಣ್ಣಿನ ಬಟ್ಟಲನ್ನು ತಂದು ನನ್ನ ಮುಂದೆ ಕುಕ್ಕಿದಳು. "ಓಡಿಸಿದೋರು ನೀವು ತಾನೆ? ತಿಕ್ಕಿ." ಎಷ್ಟು ತಿಕ್ಕಿದರೂ ದೀಪಗಳು ಕಪ್ಪು ಬಿಡಲಿಲ್ಲ. ಕೊನೆಗೆ ಸೋತು ಅಕ್ಕನಿಗೆ ಫೋನ್ ಮಾಡಿದೆ. ಎತ್ತಿದ್ದು ಅವಳ ಮಗಳು. ಉಪ್ಪು ಎಷ್ಟು ಹಾಕಬೇಕು, ಅಮ್ಮನನ್ನು ಕೇಳು ಎಂದೆ. ಹಿಂದಿನಿಂದ ಅಕ್ಕನ ದನಿ ಸ್ಪಷ್ಟವಾಗಿ ಕೇಳಿಸಿತು:

"ಆ ಬಿಲ್ಲೇನೇ ಕೇಳ್ಕೊಳ್ಳೋಕ್ ಹೇಳು."